ತೊಕುಜಿಯ ಕಾರು, ಸುಮಿಯೆಯ ಸುತ್ತು

ನೆಗಿಶಿ ತೊಕುಜಿ ಆ ಕಾರನ್ನು ಮನೆಗೆ ತಂದ ದಿನ ಅದರ ತುಂಬ ಈರುಳ್ಳಿ ಸೊಪ್ಪಿನ ವಾಸನೆ. ಶಿಮೊನಿತಾ ಕಡೆಯ ರೈತನೊಬ್ಬ ಈರುಳ್ಳಿ ಹೇರಿ ಹೇರಿ ಸವೆಸಿ, ಇನ್ನು ಗುಜರಿಗೇ ಸೈ ಎಂದು ಬಿಟ್ಟಿದ್ದ ಪುಟ್ಟ ಕಾರು ಅದು. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಬಾಗಿಲು ಹಾಕಿದರೆ ಖಾಲಿ ಕೊಡ ಉರುಳಿದ ಸದ್ದು. ಆದರೆ ಎಂಜಿನ್ ಗಟ್ಟಿಯಾಗಿತ್ತು, ಗೇರು ಕೈಯಿಂದ ಹಾಕುವಂಥದ್ದು. ತೊಕುಜಿಗೆ ಅಷ್ಟು ಸಾಕಾಗಿತ್ತು.

ಅವನು ಕೊನ್ಯಾಕು ಗಡ್ಡೆ ಅರೆಯುವ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ. ಹುಡುಗನಾಗಿದ್ದಾಗಿನಿಂದ ವೇಗದ ಹುಚ್ಚು, ಆದರೆ ಆ ಹುಚ್ಚನ್ನು ಸಾಕುವಷ್ಟು ಸಂಬಳ ಎಂದೂ ಬರಲಿಲ್ಲ. ಆದ್ದರಿಂದ ಅವಸರ ಮಾಡಲಿಲ್ಲ. ಮೊದಲ ಚಳಿಗಾಲ ಭಾರ ಇಳಿಸಲೆಂದು ಹಿಂದಿನ ಸೀಟು, ನೆಲಹಾಸು, ರೇಡಿಯೊ ಎಲ್ಲ ಕಿತ್ತು ಹಾಕಿದ. ಮೀನಿನ ಅಂಗಡಿಯಿಂದ ಡ್ರೈ ಐಸ್ ತಂದು ಸದ್ದು ತಡೆಯಲು ತಳಕ್ಕೆ ಅಂಟಿಸಿದ್ದ ಟಾರು ಹಾಳೆಗಳ ಮೇಲೆ ಹರಡಿ, ಅವು ಸೆಟೆದುಕೊಂಡ ಮೇಲೆ ಸುತ್ತಿಗೆಯಿಂದ ತಟ್ಟಿ ತಟ್ಟಿ ಎಬ್ಬಿಸಿದ. ಮರುವರ್ಷ ಬ್ರೇಕು. ಅದರ ಮರುವರ್ಷ, ಗುದ್ದಿಸಿಕೊಂಡು ಗುಜರಿ ಸೇರಿದ್ದ ಇನ್ನೊಂದು ಕಾರಿನ ಸ್ಪ್ರಿಂಗುಗಳು. ಟೈರುಗಳು ಕ್ಷೌರದ ಅಂಗಡಿಯ ಕಾನೈ ಬಳಸಿ ಬಿಟ್ಟವು. ಮನೆ ಪಕ್ಕದ ತಗಡಿನ ಚಾವಣಿಯ ಕೆಳಗೆ, ಅಕಾಗಿ ಬೆಟ್ಟದಿಂದ ಬೀಸುವ ಒಣಗಾಳಿಗೆ ಬೆನ್ನು ಕೊಟ್ಟು, ಭಾನುವಾರಗಳನ್ನೆಲ್ಲ ಅವನು ಆ ಕಾರಿನ ಹೊಟ್ಟೆಯಡಿಯಲ್ಲೇ ಕಳೆದ.

ಹೆಂಡತಿ ಸುಮಿಯೆ ಆಗಾಗ ಚಹಾ ತಂದಿಟ್ಟು ಹೋಗುತ್ತಿದ್ದಳು. “ಬಿಚ್ಚೋದಕ್ಕೆ ಇನ್ನೇನೂ ಸಿಗದೇ ಇದ್ರೆ ಮನೆಯೊಳಗಿನ ಫ್ರಿಜ್ಜಿಗೆ ಕೈ ಹಾಕಬೇಡಿ ಮತ್ತೆ,” ಎನ್ನುತ್ತಿದ್ದಳು. ಅವಳಿಗೂ ದಿನವಿಡೀ ಸ್ಟೀರಿಂಗೇ. ವೃದ್ಧರ ಹಗಲುಕೇಂದ್ರದ ವ್ಯಾನು ಓಡಿಸುವ ಕೆಲಸ. ಬೆಳಗ್ಗೆ ಅಜ್ಜ ಅಜ್ಜಿಯರನ್ನು ಮನೆ ಮನೆಯಿಂದ ಕರೆದುಕೊಂಡು ಹೋಗಿ, ಸ್ನಾನ ಊಟ ಮುಗಿದ ಮೇಲೆ ಸಂಜೆ ಮನೆಗೆ ಬಿಡುವುದು. ಗಂಡನ ಕಾರನ್ನು ಮಾತ್ರ ಅವಳು ಮುಟ್ಟಿದವಳಲ್ಲ.

ತಿಂಗಳಿಗೊಮ್ಮೆ ಬೆಟ್ಟದ ಹಿಂದಿನ ಚಿಕ್ಕ ರೇಸ್ ಟ್ರ್ಯಾಕಿನಲ್ಲಿ ಇಂಥ ಹುಚ್ಚರೆಲ್ಲ ಸೇರುತ್ತಿದ್ದರು. ಗುಂಪು ಗುಂಪಾಗಿ ಸುತ್ತು ಹೊಡೆಯುವುದು, ಯಾರ ಸುತ್ತು ಎಷ್ಟು ಬೇಗ ಎಂದು ಪರದೆಯ ಮೇಲೆ ನೋಡುವುದು, ಮಧ್ಯಾಹ್ನ ಡಬ್ಬಿ ಬಿಚ್ಚಿ ಊಟ. ಬಹುಮಾನವಿಲ್ಲ, ಹಾರವಿಲ್ಲ. ತೊಕುಜಿ ಅಲ್ಲಿ ಮಧ್ಯದ ಸಾಲಿನವನು. ಆದರೂ ಪ್ರತಿ ವರ್ಷ ಒಂದಿಷ್ಟು ಮೇಲೇರಿದ್ದ, ಅದು ಅವನಿಗೆ ಹೆಮ್ಮೆ.

ಆ ವಸಂತದಲ್ಲಿ ಟ್ರ್ಯಾಕಿಗೆ ಹೋಗುವ ಮುನ್ನಾದಿನ ಕಾರ್ಖಾನೆಯಲ್ಲಿ ಭಾರದ ಮೋಟರು ಎತ್ತಲು ಹೋಗಿ ತೊಕುಜಿಯ ಸೊಂಟ ಹಿಡಿದುಕೊಂಡಿತು. ಹೆಸರು ಕೊಟ್ಟಾಗಿತ್ತು. ಹಾಸಿಗೆಯ ಮೇಲೆ ನರಳುತ್ತಿದ್ದವನನ್ನು ನೋಡಿ ಸುಮಿಯೆ ಕೇಳಿದಳು:

“ಸೊಂಟ ನೋವು ನಿಮಗಾ, ಕಾರಿಗಾ?”

“ಏನಂದೆ?”

“ಕಾರು ಚೆನ್ನಾಗೇ ಇದೆಯಲ್ಲ. ನಾನು ಎರಡು ಸುತ್ತು ಹೊಡ್ಕೊಂಡು ಬರ್ತೀನಿ. ನೀವು ಟ್ರ್ಯಾಕ್ ಪಕ್ಕದಲ್ಲಿ ಕೂತು ಹೇಳಿಕೊಡಿ.”

ತೊಕುಜಿಗೆ ನಗು ಬಂತು, ನಕ್ಕರೆ ಸೊಂಟ ನೋಯಿತು. ಒಪ್ಪಿಕೊಂಡ.

ಬೆಳಗಿನ ಸುತ್ತುಗಳಲ್ಲಿ ಅವಳು ಎಲ್ಲರಿಗೂ ದಾರಿ ಬಿಡುತ್ತ, ಮಾರುಕಟ್ಟೆಗೆ ಹೊರಟವಳಂತೆ ಓಡಿಸಿದಳು. ತೊಕುಜಿ ಮಡಿಸುವ ಕುರ್ಚಿಯಲ್ಲಿ ಕೂತು, “ಮೂರನೇ ತಿರುವಲ್ಲಿ ಇನ್ನೂ ಲೇಟಾಗಿ ಬ್ರೇಕ್ ಹಾಕಬೇಕು,” ಎಂದು ಪಾಠ ಹೇಳಿದ. ಅವಳು ತಲೆಯಾಡಿಸಿದಳು, ಆದರೆ ಆ ಪಾಠದಂತೆ ಮಾಡಲಿಲ್ಲ. ಊಟವಾದ ಮೇಲೆ ಹೋದವಳು ಸುತ್ತಿಂದ ಸುತ್ತಿಗೆ ವೇಗವಾಗುತ್ತ ಹೋದಳು. ಟೈರು ಕಿರುಚಲಿಲ್ಲ, ಕಾರಿನ ಮೂತಿ ಅತ್ತಿತ್ತ ಆಡಲಿಲ್ಲ. ಕೊನೆಗೆ ಪರದೆಯ ಮೇಲೆ ಬಂದ ಸಂಖ್ಯೆಯನ್ನು ತೊಕುಜಿ ಕನ್ನಡಕ ಒರೆಸಿ ಮತ್ತೆ ನೋಡಿದ. ಅವನು ಇಷ್ಟು ವರ್ಷದಲ್ಲಿ ಹೊಡೆದ ಅತಿ ಒಳ್ಳೆಯ ಸುತ್ತಿಗಿಂತ ಅದು ಮುಂದಿತ್ತು. ಕೂದಲೆಳೆಯಷ್ಟಲ್ಲ, ಧಾರಾಳವಾಗಿ ಮುಂದಿತ್ತು.

ತನ್ನ ಕೆಂಪು ಬಣ್ಣದ ಎರಡು ಸೀಟಿನ ಕಾರಿಗೆ ಒರಗಿ ನಿಂತಿದ್ದ ಕಾನೈ ಜೋರಾಗಿ ಚಪ್ಪಾಳೆ ತಟ್ಟಿದ. “ನೆಗಿಶಿ ಸಾನ್, ಇಷ್ಟು ವರ್ಷ ನೀವು ಈ ಕಾರನ್ನ ಓಡಿಸ್ತಿದ್ರೋ, ಇಲ್ಲಾ ಮೇಯಿಸ್ತಿದ್ರೋ?”

ಎಲ್ಲರೂ ನಕ್ಕರು. ತೊಕುಜಿಯೂ ನಕ್ಕ. ಹೆಲ್ಮೆಟ್ ತೆಗೆದು, ಕೆಂಪೇರಿದ ಮುಖ ಹೊತ್ತು ಬಂದ ಹೆಂಡತಿಗೆ “ಭೇಷ್” ಎಂದ. ಆದರೆ ಅವನ ಕಣ್ಣು ಮತ್ತೆ ಪರದೆಯ ಸಂಖ್ಯೆಗೇ ಹೋಯಿತು.

ಮನೆಗೆ ಬರುವ ದಾರಿಯಲ್ಲಿ ಅವನೇ ಮಾತು ತೆಗೆದ. “ಇವತ್ತು ಗಾಳಿ ತಂಪಾಗಿತ್ತು. ತಂಪುಗಾಳಿಗೆ ಎಂಜಿನ್ ಚೆನ್ನಾಗಿ ಎಳೆಯುತ್ತೆ.”

“ಹೌದಾ? ಅದಕ್ಕೇ ಇರಬೇಕು ಬಿಡಿ,” ಎಂದಳು ಸುಮಿಯೆ.

ಅವಳು ವಾದಕ್ಕೆ ನಿಂತಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಅಷ್ಟು ಸುಲಭವಾಗಿ ಒಪ್ಪಿದ್ದು ಇನ್ನಷ್ಟು ಚುಚ್ಚಿತು.

ಸೊಂಟ ಸರಿಹೋದ ಮೇಲೆ ಇಬ್ಬರೂ ಸರದಿಯಲ್ಲಿ ಓಡಿಸತೊಡಗಿದರು, ಅವನು ಮೊದಲು, ಅವಳು ಆಮೇಲೆ. ಪ್ರತಿ ಸಲವೂ ಅವಳೇ ಮುಂದೆ. ಬಿಸಿ ಟೈರಿಗೆ ಹಿಡಿತ ಜಾಸ್ತಿ, ಅದನ್ನು ಬಿಸಿಮಾಡಿ ಕೊಟ್ಟವನು ನಾನು ಎಂದುಕೊಂಡು ಒಮ್ಮೆ ಸರದಿ ಬದಲಿಸಿ ನೋಡಿದ. ಆಗಲೂ ಅವಳೇ. ತೊಕುಜಿ ಹಟ ಹಿಡಿದ. ತಿರುವಿನಲ್ಲಿ ಒಂದೇ ಚಕ್ರ ಸುಮ್ಮನೆ ತಿರುಗಿ ಶಕ್ತಿ ಪೋಲಾಗದಂತೆ ತಡೆಯುವ ಗೇರನ್ನು ಹುಡುಕಿ ತಂದು ಕೂರಿಸಿದ. ಸವೆದ ರಬ್ಬರುಗಳನ್ನೆಲ್ಲ ಬದಲಿಸಿದ. ಹಿಂದಿನ ಗಾಜು ತೆಗೆದು ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿದ. ಎಲ್ಲದರಿಂದಲೂ ಅವನ ವೇಗ ಹೆಚ್ಚಿದ್ದು ನಿಜ. ಆದರೆ ಕಾರು ಒಂದೇ ಅಲ್ಲವೇ? ಅವಳನ್ನು ಸೋಲಿಸಲೆಂದು ಅವನು ಬಿಗಿದ ಒಂದೊಂದು ಬೋಲ್ಟೂ ಅವಳನ್ನೇ ಹೆಚ್ಚು ದೂರ ಹೊತ್ತುಕೊಂಡು ಹೋಗುತ್ತಿತ್ತು.

ಹೊಟ್ಟೆಕಿಚ್ಚು ಟ್ರ್ಯಾಕಿನಲ್ಲೇ ಉಳಿಯಲಿಲ್ಲ, ಮನೆಗೂ ಬಂತು. ಉದೊನ್ ನೂಡಲ್ಸ್ ತಿನ್ನುತ್ತ ಸುಮಿಯೆ ಚಾಪ್‌ಸ್ಟಿಕ್‌ನಿಂದ ಗಾಳಿಯಲ್ಲೇ ತಿರುವು ಬರೆದು ತೋರಿಸುವಾಗ ಅವನು ಬಟ್ಟಲಿನಿಂದ ತಲೆ ಎತ್ತುತ್ತಿರಲಿಲ್ಲ.

“ಇದನ್ನೆಲ್ಲ ಎಲ್ಲಿ ಕಲಿತೆ ನೀನು?” ಎಂದು ಒಂದು ದಿನ ಕೇಳಿಯೇಬಿಟ್ಟ.

“ಕಲಿಯೋದೇನು ಬಂತು? ನನ್ನ ವ್ಯಾನಲ್ಲಿ ಮೊಗಿ ಅಜ್ಜಿ ಬರ್ತಾರಲ್ಲ, ಬ್ರೇಕ್ ಒಂಚೂರು ಜೋರಾಗಿ ಒತ್ತಿದ್ರೂ ‘ನನ್ನ ಹಲ್ಲಿನ ಸೆಟ್ಟು ಉದುರಿಹೋಯ್ತು ಕಣೇ’ ಅಂತ ಬೈತಾರೆ. ಟ್ರ್ಯಾಕಲ್ಲೂ ಅವರು ಹಿಂದೆ ಕೂತಿದಾರೆ ಅಂದ್ಕೊಂಡೇ ಓಡಿಸ್ತೀನಿ.”

ಕಾನೈನ ಅಂಗಡಿಯಲ್ಲಿ ಈ ಮಾತು ಕೇಳಿದ್ದರೆ ತೊಕುಜಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಈಗ ಎದ್ದು ಹೋಗಿ ಬಟ್ಟಲು ತೊಳೆದ.

ಬೇಸಿಗೆ ಕಳೆಯುವಷ್ಟರಲ್ಲಿ ಅವನು ಚಾಲಕನ ಸೀಟು ಬದಲಿಸಿದ. ಸೊಂಟ, ಭುಜ ಗಟ್ಟಿಯಾಗಿ ಹಿಡಿಯುವ ರೇಸಿನ ಸೀಟು. ಅದನ್ನು ಹಿಂದೆ ಮುಂದೆ ಜಾರಿಸುವ ಹಳಿಯನ್ನು ಕಿತ್ತು, ನೇರ ತಳಕ್ಕೇ ಬೋಲ್ಟು ಹಾಕಿ ಬಿಗಿದ. ತನ್ನ ಉದ್ದನೆಯ ಕಾಲಿಗೆ ಸರಿಯಾಗುವಂತೆ.

ಸುಮಿಯೆ ಹತ್ತಿ ಕೂತು ನೋಡಿದಳು. ಕ್ಲಚ್ಚು ಅರ್ಧಕ್ಕಷ್ಟೇ ಸಿಕ್ಕಿತು. “ರೀ, ನನ್ನ ಕಾಲು ಎಟುಕ್ತಿಲ್ಲ.”

“ಹಳಿ ತೆಗೆದ್ರೆ ಭಾರ ಇಳಿಯುತ್ತೆ. ಸೀಟೂ ಕೆಳಗೆ ಕೂರುತ್ತೆ.”

“ಎಷ್ಟು ಇಳಿಯುತ್ತೆ ಭಾರ?”

“ಎರಡು ಕಿಲೊ.”

“ಎರಡು ಕಿಲೊ,” ಎಂದು ಅವಳು ಅದನ್ನೇ ಮೆಲ್ಲಗೆ ಹೇಳಿಕೊಂಡಳು. ಆಮೇಲೆ ಇಳಿದು, “ಸರಿ, ನೀವೇ ಓಡಿಸಿ,” ಎಂದು ಒಳಗೆ ಹೋದಳು.

ಮುಂದಿನ ಸಲ ತೊಕುಜಿ ಒಬ್ಬನೇ ಹೋದ. ಟ್ರ್ಯಾಕಿನಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ: “ಮನೆಯವರು ಬರಲಿಲ್ವಾ?” ಹಲ್ಲು ಕಚ್ಚಿ ಓಡಿಸಿದ. ಸಂಜೆಯ ಕೊನೆಯ ಸುತ್ತಿನಲ್ಲಿ ಸುಮಿಯೆಯ ದಾಖಲೆ ಮುರಿಯಿತು. ಪರದೆಯ ಮುಂದೆ ಆಗ ಯಾರೂ ಇರಲಿಲ್ಲ, ಎಲ್ಲ ಸಾಮಾನು ಕಟ್ಟುತ್ತಿದ್ದರು. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಹೇಳಿದ, “ನಿನ್ನ ಟೈಮ್ ಮುರಿದೆ.”

“ಒಳ್ಳೇದಾಯ್ತು ರೀ. ಕೈ ತೊಳ್ಕೊಂಡು ಬನ್ನಿ, ಅನ್ನ ಆರೋಗುತ್ತೆ.”

ದಾರಿಯುದ್ದಕ್ಕೂ ಅವಳ ಮುಖ ಸಪ್ಪಗಾಗುವುದನ್ನು ಊಹಿಸಿಕೊಂಡು ಬಂದಿದ್ದ. ಆ ಮುಖ ಅವನಿಗೆ ಸಿಗಲೇ ಇಲ್ಲ.

ಎಲೆ ಕೆಂಪಾಗುವ ಹೊತ್ತಿಗೆ ಒಂದು ಸಂಜೆ ಸುಮಿಯೆ ಬಟ್ಟೆ ಮಡಿಸುತ್ತ ಹೇಳಿದಳು, “ಈ ಭಾನುವಾರ ತಮ್ಮ ಕಾರು ಓಡಿಸಿ ನೋಡು ಅಂತ ಕಾನೈ ಸಾನ್ ಕರೆದಿದಾರೆ. ಹೋಗ್ತೀನಿ.”

“ಹೋಗು,” ಎಂದ ತೊಕುಜಿ, ಟಿವಿಯಿಂದ ಕಣ್ಣು ತೆಗೆಯದೆ.

ಭಾನುವಾರ ಅವಳು ಹೊರಟ ಮೇಲೆ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬೆಟ್ಟ ದಾಟಿ ಹೋಗಿ ಟ್ರ್ಯಾಕಿನ ಬೇಲಿಯ ಹೊರಗೇ ನಿಂತ. ಕೆಂಪು ಕಾರು ಬಂತು. ಓಡಿಸುತ್ತಿರುವುದು ಸುಮಿಯೆ ಎಂದು ಹೆಲ್ಮೆಟ್ ನೋಡದೆಯೇ ಗೊತ್ತಾಯಿತು. ಆ ತಿರುವನ್ನು ಅಷ್ಟು ನಯವಾಗಿ ಬಿಡಿಸುವವರು ಇನ್ನಾರೂ ಇರಲಿಲ್ಲ. ಸುತ್ತು ಮುಗಿಸಿ ಬಂದಾಗ ಕಾನೈ ಬಗ್ಗಿ ಅವಳ ಸೀಟ್ ಬೆಲ್ಟ್ ಸಡಿಲಿಸಿದ, ನೀರಿನ ಬಾಟಲಿ ಕೊಟ್ಟ, ಏನೋ ಹೇಳಿದ. ಅವಳು ತಲೆ ಹಿಂದಕ್ಕೆ ಹಾಕಿ ನಕ್ಕಳು. ತೊಕುಜಿಯ ಮೈ ಉರಿಯಿತು. ಉರಿ ಕಾನೈ ಮೇಲೋ, ಅವಳ ಮೇಲೋ, ಆ ಕೆಂಪು ಕಾರಿನ ಮೇಲೋ ಅವನಿಗೇ ಬಗೆಹರಿಯಲಿಲ್ಲ. ಬೇಲಿ ದಾಟಿ ನೇರ ಹೋಗಿ ಅವರ ಮುಂದೆ ನಿಂತ.

“ಇನ್ನೊಬ್ಬರ ಕಾರು ಹತ್ತೋಕೆ ನಿನಗೆ ನಾಚಿಕೆ ಆಗಲ್ವಾ?”

“ನಮ್ಮನೆ ಕಾರಲ್ಲಿ ನನಗೆ ಜಾಗ ಇಲ್ವಲ್ಲ,” ಎಂದಳು ಸುಮಿಯೆ.

“ಅದು ಭಾರದ ಲೆಕ್ಕ. ಎರಡು ಕಿಲೊ...”

“ಇನ್ನೊಂದು ಸಲ ಎರಡು ಕಿಲೊ ಅಂದ್ರೆ ನನಗೆ ನಿಜವಾಗ್ಲೂ ಸಿಟ್ಟು ಬರುತ್ತೆ ರೀ. ನಿಮಗೆ ಹೊಟ್ಟೆಕಿಚ್ಚು. ಬಾಯಿಬಿಟ್ಟು ಹೇಳಿ.”

ಕಾನೈ ಒರೆಸಿದ ಗಾಜನ್ನೇ ಮತ್ತೆ ಒರೆಸತೊಡಗಿದ.

“ಹೌದು, ಹೊಟ್ಟೆಕಿಚ್ಚೇ,” ಎಂದ ತೊಕುಜಿ. “ಚಳೀಲಿ ಕೈ ಬಿರುಕು ಬಿಟ್ರೂ ಒಂದೊಂದೇ ಬೋಲ್ಟು ಬಿಗಿದೋನು ನಾನು. ನೀನು ಬಂದೆ, ಕೂತೆ, ಹೋದೆ. ನೀನೇ ಮುಂದೆ!”

ಅವಳು ಸಮಾಧಾನ ಹೇಳಲಿಲ್ಲ. “ಅದೂ ನಿಜ. ನಾನು ಒಂದು ಬೋಲ್ಟೂ ಬಿಗಿದಿಲ್ಲ.”

ಆ ವಾರವೇ ತೊಕುಜಿ ಸೀಟಿಗೆ ಮತ್ತೆ ಹಳಿ ಹಾಕಿದ. ಸುಮಿಯೆ ನೋಡಿ ಥ್ಯಾಂಕ್ಸ್ ಹೇಳಿದಳು, ಹತ್ತಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಹೂವಿನ ಅಂಗಡಿಯವರು ಓಡಿಸಿ ಬಿಟ್ಟಿದ್ದ ಹಳೆಯ ಡಬ್ಬಿಯಂಥ ಕಾರೊಂದನ್ನು ತಾನೇ ಓಡಿಸಿಕೊಂಡು ತಂದು, ಅಂಗಳದಲ್ಲಿ ಬಟ್ಟೆ ಒಣಹಾಕುವ ಜಾಗದಲ್ಲಿ ನಿಲ್ಲಿಸಿದಳು.

“ಇದು ನನ್ನದು. ನೀವು ಮುಟ್ಟೋ ಹಾಗಿಲ್ಲ. ಕೇಳಿದ್ರೆ ಹೇಳಿ, ಅಷ್ಟೇ.”

ಚಳಿಗಾಲವಿಡೀ ತೊಕುಜಿ ಅಡುಗೆಮನೆಯ ಕಿಟಕಿಯಲ್ಲಿ ನಿಂತು ಒದ್ದಾಡಿದ. ಅಳತೆ ತಪ್ಪಿದ ಸ್ಪಾನರ್ ಹಾಕಿ ಅವಳು ಬೋಲ್ಟುಗಳ ಮೂಲೆ ಸವೆಸುವುದನ್ನು ನೋಡಿ ಅವನ ಬೆರಳು ನವೆಯಾಗುತ್ತಿತ್ತು. ತಿಂಗಳುಗಟ್ಟಲೆ ತುಕ್ಕು ಹಿಡಿದು ಕೂತಿದ್ದ ಒಂದು ಬೋಲ್ಟು ಕೊನೆಗೂ ಟಕ್ ಎಂದು ಬಿಟ್ಟಾಗ ಅವಳು ಅಂಗಳದಲ್ಲೇ ಕೂಗಿದಳು. ಎದುರು ಮನೆಯವರು ಕಿಟಕಿ ತೆಗೆದು ನೋಡಿದರು. ಕೈಗೆಲ್ಲ ಗ್ರೀಸು ಮೆತ್ತಿಕೊಂಡು, ಆ ಬೋಲ್ಟನ್ನು ಬಿಸಿಲಿಗೆ ಹಿಡಿದು ನೋಡುತ್ತಿದ್ದ ಅವಳ ಮುಖ ಕಂಡು ತೊಕುಜಿಗೆ ಆದ ಉರಿ, ಟ್ರ್ಯಾಕಿನಲ್ಲಿ ಆದದ್ದಕ್ಕಿಂತ ಜೋರಾಗಿತ್ತು. ಅವಳಿಗೆ ಎಲ್ಲವೂ ಈಗ ಶುರು. ಅವನಿಗೆ ಇನ್ನು ಬಿಚ್ಚಲು ಏನೂ ಉಳಿದಿರಲಿಲ್ಲ.

ಚೆರಿ ಹೂ ಉದುರಿದ ಮೇಲೆ ಇಬ್ಬರೂ ಎರಡು ಕಾರು ತೆಗೆದುಕೊಂಡು ಟ್ರ್ಯಾಕಿಗೆ ಹೋದರು. ಸುಮಿಯೆಯ ಡಬ್ಬಿ ಕಾರು ತಿರುವಿನಲ್ಲಿ ದೋಣಿಯಂತೆ ವಾಲಿತು. ಅವಳು ಎಷ್ಟೇ ನಯವಾಗಿ ಓಡಿಸಿದರೂ ಎಲ್ಲರಿಗಿಂತ ಹಿಂದೆ ಬಿದ್ದಳು. ತೊಕುಜಿ ಅವಳನ್ನು ಎರಡು ಸಲ ದಾಟಿಹೋದ. ಸುತ್ತು ಮುಗಿಸಿ ಬಂದವಳು ಹೆಲ್ಮೆಟ್ಟನ್ನು ಸೀಟಿನ ಮೇಲೆ ಎಸೆದು, ಅವನ ಕಾರಿನ ಸುತ್ತ ಒಂದು ಸುತ್ತು ನಡೆದು, ಮುಂದಿನ ಚಕ್ರವನ್ನು ಕಾಲಿನಿಂದ ಒದ್ದಳು.

“ನಿಮ್ಮ ಕಾರು ನೋಡಿದ್ರೆ ನನಗೆ ಎಷ್ಟು ಹೊಟ್ಟೆ ಉರೀತಿದೆ ಗೊತ್ತಾ?”

ತೊಕುಜಿಗೆ ಕಿವಿಯ ತನಕ ಬೆಚ್ಚಗಾಯಿತು. ಅವಳಿಂದ ಇಂಥ ಮಾತು ಕೇಳುತ್ತೇನೆಂದು ಅವನು ಅಂದುಕೊಂಡಿರಲಿಲ್ಲ.

“ಏನು ಮಾಡಿದ್ರಿ ಇದಕ್ಕೆ? ಎಲ್ಲ ಹೇಳಿ,” ಎಂದು ಅವಳು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಳು.

ಅವನೂ ಪಕ್ಕದಲ್ಲಿ ಕೂತ. ಸ್ಪ್ರಿಂಗಿನ ವಿಷಯ ಹೇಳಿದ, ರಬ್ಬರಿನ ವಿಷಯ ಹೇಳಿದ, ಯಾವ ಗುಜರಿಯಲ್ಲಿ ಏನು ಸಿಗುತ್ತದೆ, ಯಾರ ಹತ್ತಿರ ಚೌಕಾಸಿ ಮಾಡಬೇಕು ಎನ್ನುವುದನ್ನೂ ಬಿಡದೆ ಹೇಳಿದ. ತಿರುವಿನಲ್ಲಿ ಹಿಡಿತ ಸಿಗಲೆಂದು ಮುಂದಿನ ಚಕ್ರಗಳನ್ನು ಒಂದಿಷ್ಟು ಓರೆಯಾಗಿ ಕೂರಿಸಿದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಬೇಸಿಗೆ ಕಳೆಯುವ ತನಕ ತನ್ನಲ್ಲೇ ಇಟ್ಟುಕೊಂಡರೆ ಆಯಿತು ಎಂದುಕೊಂಡ.