ಪದವಿಯಷ್ಟೇ ದಪ್ಪಕ್ಕೆ ದೇಶದ ಹೆಸರು

ಗಂಡನ ತಿಥಿ ಮುಗಿದು, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಗ್ಗೆ. ಅಶೋಕಪುರಂನಿಂದ ಆರು ಗಂಟೆಗೆಲ್ಲ ಬಂದು ಸುಚಿತ್ರಾ ಮಂಡಿ ಮೊಹಲ್ಲಾದ ಬೋರ್ಡು ಬರೆಯುವ ಅಂಗಡಿಯ ಷಟರ್ ಎತ್ತುತ್ತಾರೆ. ಗೋಡೆಗೆ ಒರಗಿದ ತಗಡಿನ ಬೋರ್ಡಿನಲ್ಲಿ 'ಡಾ. ಅಭಿಲಾಷ್, ಎಂ.ಡಿ.' ಎಂಬಷ್ಟಕ್ಕೆ ಗಂಡ ಯೋಗೇಂದ್ರ ಅಕ್ಷರದ ಅಂಚು ಎಳೆದಿಟ್ಟಿದ್ದರು. ಅದರ ಮುಂದೆ ಖಾಲಿ.

ಹನ್ನೆರಡು ವರ್ಷ ಅಂಚು ಗಂಡನದು, ಒಳಗಿನ ಬಣ್ಣ ಸುಚಿತ್ರಾ ಅವರದು. ನಾನೂರಕ್ಕೂ ಹೆಚ್ಚು ವೈದ್ಯರ ಬೋರ್ಡುಗಳು ಇಲ್ಲಿಂದ ಹೋಗಿವೆ. ಫ್ಲೆಕ್ಸ್ ಬಂದ ಮೇಲೆ ತಿಂಗಳಿಗೆ ಮೂರೋ ನಾಲ್ಕೋ. ಇದು ಕೈತಪ್ಪಿದರೆ ಇನ್ನೊಂದು ಯಾವಾಗಲೋ.

ಒಂಬತ್ತಕ್ಕೆ ಅಭಿಲಾಷ್ ಅವರ ತಂದೆ ಶಿವಲಿಂಗಯ್ಯ ಬರುತ್ತಾರೆ. "ಎಂ.ಡಿ.ಗೇ ನಿಲ್ಲುಸ್ಬುಡು ಕಣಮ್ಮ. ಜಾರ್ಜಿಯಾ ಅಂತ ಬೇರೆ ಯಾಕೆ? ಯಾರ್ ಕೇಳ್ತಾರೆ?"

"ಯಾರೂ ಕೇಳಲ್ಲ ಅಂತಾನೇ ಬರೀಬೇಕು ಯಜಮಾನ್ರೇ. ಅಲ್ಲಿ ಆರು ವರ್ಷದ ಮೊದಲ್ನೇ ಡಿಗ್ರಿಗೇ ಎಂ.ಡಿ. ಅಂತಾರೆ. ಇಲ್ಲಿ ಎಂಬಿಬಿಎಸ್ ಮುಗಿಸಿ, ಮತ್ತೆ ಮೂರು ವರ್ಷ ಓದಿದವ್ರಿಗೆ ಎಂ.ಡಿ. ಉದಯಗಿರಿ ಜನ ಸ್ಪೆಷಲಿಸ್ಟು ಅಂತ ಎದೆನೋವು ಹಿಡ್ಕೊಂಡು ಬಂದ್ರೆ?"

"ನನ್ನ ಮಗ ವಾಪಸ್ ಬಂದು ಇಲ್ಲಿ ಪರೀಕ್ಷೆ ಪಾಸ್ ಮಾಡವ್ನೆ ಕಣಮ್ಮ!"

"ಮಾಡವ್ರೆ. ಮತ್ತೆ ಜಾರ್ಜಿಯಾ ಅನ್ನೋಕೆ ನಾಚ್ಕೆ ಯಾಕೆ?"

"ಫ್ಲೆಕ್ಸ್‌ನವ್ರಾದ್ರೆ ಹೇಳ್ದಂಗೆ ಮಾಡ್ತಾರೆ."

"ಮಾಡ್ತಾರೆ. ಹೋಗೋದಾದ್ರೆ ಹೋಗಿ." ಸುಚಿತ್ರಾ ತಲೆ ಎತ್ತುವುದಿಲ್ಲ. ಶಿವಲಿಂಗಯ್ಯ ಗೊಣಗುತ್ತ ಹೊರಡುತ್ತಾರೆ.

ಈ ಹಟ ಒಂದು ತಪ್ಪಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ ತರಬೇತಾದ ಸರ್ಜನ್ ಅನಂತಪದ್ಮನಾಭ ತಮ್ಮ ಹೆಸರಿನ ಹಿಂದೆ 'ಮಿಸ್ಟರ್' ಎಂದು ಬರೆದುಕೊಟ್ಟಿದ್ದರು. ಮರೆತಿದ್ದಾರೆಂದು ಯೋಗೇಂದ್ರ ತಾವೇ 'ಡಾ.' ಮಾಡಿಬಿಟ್ಟರು. "ಅಲ್ಲಿ ಸರ್ಜನ್ ಆದ್ರೆ ಮಿಸ್ಟರ್ ಅನ್ನೋದೇ ದೊಡ್ಡಸ್ತಿಕೆಯಂತೆ! ಆ 'ಡಾ.' ಕೆರೆದು ಕೆರೆದು ಇವರ ಉಗುರೇ ಸವೆದೋಯ್ತು," ಎಂದು ಸುಚಿತ್ರಾ ಈಗಲೂ ನಗುತ್ತಾರೆ. ಅಂದಿನಿಂದ ಅಂಗಡಿಗೆ ಎರಡು ಕಟ್ಟಳೆ. ವೈದ್ಯರ ನೋಂದಣಿ ಪತ್ರದ ಅಸಲನ್ನೇ ಇಸಿದುಕೊಂಡು ಅಕ್ಷರ ಅಕ್ಷರ ನೋಡಬೇಕು. ಪದವಿ ಎಷ್ಟು ದಪ್ಪವೋ, ಹೊರಗಡೆ ಓದಿದ್ದರೆ ದೇಶದ ಹೆಸರೂ ಅಷ್ಟೇ ದಪ್ಪ.

ಸುಚಿತ್ರಾ ಸ್ಕೇಲ್ ಇಟ್ಟು ನಾಲ್ಕು ಇಂಚು ಅಳೆಯುತ್ತಾರೆ. ಅಂಚು ಎಳೆಯುವುದು ಇದೇ ಮೊದಲು. 'ಜಾ' ಒಂದು ಸಲ ಅಳಿಸಿ ಮತ್ತೆ. ಮಧ್ಯಾಹ್ನದ ಹೊತ್ತಿಗೆ ಆವರಣ ಚಿಹ್ನೆಯೊಳಗೆ 'ಜಾರ್ಜಿಯಾ' ಕೂತಿದೆ, ಬಣ್ಣ ತುಂಬಿ.

ಸಂಜೆ ಡಾ. ಅಭಿಲಾಷ್ ಒಬ್ಬರೇ ಬರುತ್ತಾರೆ. ಬೋರ್ಡನ್ನು ತುಸು ಹೊತ್ತು ನೋಡುತ್ತಾರೆ. "ಅಪ್ಪಂಗೆ ನಾನು ಹೇಳ್ಕೋತೀನಿ ಬಿಡಿ, ಅಕ್ಕ. ಹೀಗೇ ಇರ್ಲಿ."

ಸುಚಿತ್ರಾ ಕೈ ಒರೆಸಿಕೊಂಡು ಗಂಡನ ಡ್ರಾಯರಿನಿಂದ ಪ್ಲಾಸ್ಟಿಕ್ ಕವರ್ ತೆಗೆಯುತ್ತಾರೆ. ಒಳಗಿರುವ ನೋಂದಣಿ ಪತ್ರಕ್ಕೆ ಒಂದು ಮಡಿಕೆಯೂ ಬಿದ್ದಿಲ್ಲ.

"ನಮ್ಮನೆಯವ್ರು ನಿಮ್ಮತ್ರ ಇಸ್ಕೊಂಡಿದ್ದು. ತಗೊಳಿ. ಒಂದ್ಸಲ ಬೋರ್ಡ್‌ಗೂ ಇದಕ್ಕೂ ತಾಳೆ ನೋಡ್ಬುಡಿ, ಸರ್. ಒಂದಕ್ಷರ ಆಚೀಚೆ ಇರಲ್ಲ."