ಬೆಟ್ಟ ನೋಡದ ಸ್ವೆಟರಕ್ಕ

ಬಸ್ ನಿಲ್ದಾಣದ ಹೊರಗೋಡೆಗೆ ಹಗ್ಗ ಕಟ್ಟಿ, ಹಳೇ ಕೋಟು, ಸ್ವೆಟರು, ಚೀಲಗಳನ್ನು ತೂಗುಹಾಕಿ ಮಾರುತ್ತಿದ್ದವಳನ್ನು ಎಲ್ಲರೂ ಸ್ವೆಟರಕ್ಕ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಗಂಡನೂ ಹಾಗೇ ಕರೆಯುತ್ತಿದ್ದ. ರೈಲಿನಿಂದಿಳಿದು ಬೆಟ್ಟದ ಬಸ್ಸಿಗೆ ಕಾಯುವ, ಬೆನ್ನಿನ ಚೀಲ ಭಾರವಾಗಿ ಜೇಬು ಹಗುರಾದ ಪ್ರಯಾಣಿಕರೇ ಅವಳ ಗಿರಾಕಿಗಳು. ಹೋಗುವಾಗ ಕೊಂಡ ಕೋಟನ್ನು ಬರುವಾಗ ಅರ್ಧ ಬೆಲೆಗೆ ಅವಳಿಗೇ ಕೊಟ್ಟು ಹೋಗುತ್ತಿದ್ದರು. ಕೋಟಿನ ಜೊತೆ ಬೆಟ್ಟದ ಸುದ್ದಿಯನ್ನೂ ಬಿಟ್ಟುಹೋಗುತ್ತಿದ್ದರು. ಆ ಸುದ್ದಿಗೆ ಉಪ್ಪುಖಾರ ಹಚ್ಚಿ ಅವಳು ಮುಂದಿನ ಗಿರಾಕಿಗೆ ಹೇಳುತ್ತಿದ್ದಳು. ಸ್ವತಃ ಬೆಟ್ಟ ಹತ್ತಿದವಳಲ್ಲ.

ಒಂದು ಮಧ್ಯಾಹ್ನ ಒಂಟಿಯಾಗಿ ತಿರುಗಾಡಲು ಹೊರಟ ಹುಡುಗಿಯೊಬ್ಬಳು ಕಂದು ಕೋಟಿಗೆ ಗಂಟಲು ಹರಿಯುವಷ್ಟು ಚೌಕಾಸಿ ಮಾಡಿ, ಕೊನೆಗೆ ಕೇಳಿದಳು, "ಅಕ್ಕಾ, ಮೇಲೆ ಕಡಿಮೆಗೆ ಉಳ್ಕೊಳ್ಳೋಕೆ ಎಲ್ಲಾದ್ರೂ ಜಾಗ ಇದ್ಯಾ?"

"ಪೇಟೆವರೆಗೂ ಹೋಗ್ಬೇಡ ಕಣಮ್ಮ, ಅಲ್ಲಿ ಸುಲೀತಾರೆ. ಕೆರೆ ಹತ್ರ ಇಳ್ಕೋ. ಒಬ್ಬ ತಾತ ಮನೇಲಿ ರೂಮು ಕೊಡ್ತಾನೆ. ಕಣ್ಮುಚ್ಕೊಂಡು ಹೋಗು."

"ನೀವು ಹೋಗಿದ್ದೀರಾ?"

"ಹೋಗ್ದೆ ಏನು?" ಎಂದುಬಿಟ್ಟಳು ಸ್ವೆಟರಕ್ಕ. ಹುಡುಗಿ ಬಸ್ಸು ಹತ್ತಿದಳು.

ಸಂಜೆ ಬೆಟ್ಟದಿಂದ ಇಳಿದ ಗಡ್ಡದವನೊಬ್ಬ ಕೋಟು ಹಿಂತಿರುಗಿಸಲು ಬಂದ. ಮಾತಿಗೆ ಮಾತು ಬಂದು ಅವಳು ತಾತನ ವಿಷಯ ಕೇಳಿದಳು. "ಕೆರೆ ಹತ್ರದ ತಾತನಾ? ಪಾಪ, ತೀರಿಕೊಂಡ್ರಂತೆ. ಮನೆಗೆ ಬೀಗ ಬಿದ್ದಿದೆ. ಅಲ್ಲಿ ಈಗ ನರಪಿಳ್ಳೆ ಇಲ್ಲ" ಎಂದ. ಸ್ವೆಟರಕ್ಕ ಅವನ ಕೋಟನ್ನು ಅಲ್ಲೇ ಬಿಟ್ಟು ನಿಲ್ದಾಣದೊಳಕ್ಕೆ ಓಡಿದಳು. ಅಷ್ಟರಲ್ಲಿ ಕೊನೆಯ ಬಸ್ಸೂ ಹೋಗಿಯಾಗಿತ್ತು.

ಗಂಡ ಡಿಪೋದಲ್ಲಿ ಬಸ್ಸು ತೊಳೆಯುವವನು. ವಿಷಯ ಕೇಳಿ, "ಅವಳೇನು ಹಾಲುಗಲ್ಲದ ಮಗೂನಾ? ಬೇರೆ ಕಡೆ ಹೋಗಿರ್ತಾಳೆ, ಸುಮ್ನಿರು" ಎಂದ. ಅವಳು ಅನ್ನದ ತಟ್ಟೆಯಲ್ಲಿ ಬೆರಳಾಡಿಸುತ್ತಲೇ ಕುಳಿತಿದ್ದಳು. ಅದನ್ನು ಕಂಡು ಅವನೂ ಮೆತ್ತಗಾದ. "ಬೆಳಗ್ಗೆ ಮೊದಲನೇ ಬಸ್ಸಿಗೆ ಹೋಗಿ ಬಾ. ಡ್ರೈವರಿಗೆ ನಾನು ಹೇಳ್ತೀನಿ."

ಮರುದಿನ ಬೆಟ್ಟದ ಬಸ್ಸು ತಿರುವು ತಿರುವಿಗೂ ಓಲಾಡಿತು. ಕಿಟಕಿಯಾಚೆ ನೋಡಬೇಡಿ ಎಂದು ಊರಿಗೆಲ್ಲ ಹೇಳುತ್ತಿದ್ದವಳು ತಾನು ಮಾತ್ರ ನೋಡಿದಳು. ಕೆಳಗೆ ಮಂಜು ಹಾಲಿನಂತೆ ಉಕ್ಕುತ್ತಿತ್ತು. ಓಕರಿಕೆಯ ನಡುವೆಯೂ ಕಣ್ಣು ಕೀಳಲಾಗಲಿಲ್ಲ.

ಕೆರೆಯ ಬಳಿ ಇಳಿದಾಗ ಚಳಿ ಮೈಗೆ ಕಚ್ಚಿತು. ಆಗ ಹೊಳೆಯಿತು: ಊರಿಗೆಲ್ಲ ಸ್ವೆಟರು ತೊಡಿಸಿದವಳು ಬರಿಯ ಹತ್ತಿ ಬಟ್ಟೆಯಲ್ಲಿ ಬಂದಿದ್ದಳು! ತಾತನ ಮನೆಗೆ ಬೀಗ, ಅಂಗಳದ ತುಂಬ ಒಣಗಿದೆಲೆ. ಜೀಪಿನವನೊಬ್ಬ ಪೇಟೆಗೆ ಬಿಡಲು ಬಾಯಿಗೆ ಬಂದ ಬಾಡಿಗೆ ಕೇಳಿದ. ಅವಳು ನಡೆದೇ ಮುಖ್ಯರಸ್ತೆ ಸೇರಿ, ತರಕಾರಿ ವ್ಯಾನಿಗೆ ಕೈ ಅಡ್ಡ ಹಾಕಿ, ಎಲೆಕೋಸಿನ ಮೂಟೆಗಳ ನಡುವೆ ಕುಳಿತು ಪೇಟೆ ಸೇರಿದಳು. ಅಂಗಡಿಯಿಂದ ಅಂಗಡಿಗೆ ಅಲೆದಳು. "ಕಂದು ಕೋಟಿನ ಹುಡುಗಿ, ಒಬ್ಬಳೇ ಇದ್ಲು, ನೋಡಿದ್ರಾ?"

ಬೇಕರಿಯ ಒಲೆಯ ಪಕ್ಕ ಕುಳಿತು ಆ ಹುಡುಗಿ ಬನ್ನು ತಿನ್ನುತ್ತಿದ್ದಳು.

"ಅಕ್ಕಾ! ನೀವಿಲ್ಲಿ?"

"ಬದುಕಿದ್ದೀಯಲ್ಲ ಮಗಳೇ!" ಎಂದು ಸ್ವೆಟರಕ್ಕ ಅಲ್ಲೇ ಬೆಂಚಿನ ಮೇಲೆ ಕುಸಿದಳು.

ಕತ್ತಲಾಗುವ ಮುಂಚೆ ಪೇಟೆಗೆ ನಡೆದು ಬಂದ ಹುಡುಗಿಗೆ ಬೇಕರಿಯ ಯಜಮಾನಿ ಅಟ್ಟದಲ್ಲಿ ಮಲಗಲು ಜಾಗ ಕೊಟ್ಟಿದ್ದಳು. "ದಾರೀಲಿ ತುಂಬ ಭಯ ಆಯ್ತು. ನಿಮ್ಮನ್ನ ಬಾಯ್ತುಂಬ ಬೈಕೊಂಡೆ" ಎಂದಳು ಹುಡುಗಿ.

"ಇನ್ನೂ ನಾಲ್ಕು ಬೈಯಮ್ಮ. ನಾನು ಈ ಬೆಟ್ಟ ಹತ್ತಿರೋದೇ ಇವತ್ತು."

ಹುಡುಗಿ ಮುಖ ಗಂಟಿಕ್ಕಿದಳು. ಆಮೇಲೆ ಚಳಿಗೆ ಮರಗಟ್ಟಿದ ಸ್ವೆಟರಕ್ಕನ ಕೈಗೆ ಬಿಸಿ ಚಹಾದ ಲೋಟ ಇಟ್ಟಳು. "ಮೊದಲು ಕುಡೀರಿ. ಸ್ವೆಟರ್ ಮಾರೋರು ಹೀಗಾ ಬರೋದು?" ಎಂದಾಗ ಇಬ್ಬರಿಗೂ ನಗು ಬಂತು.

ಎದುರಿನ ಅಂಗಡಿಯಲ್ಲಿ ಶಾಲಿನ ಬೆಲೆ ಕೇಳಿ ಸ್ವೆಟರಕ್ಕ ಹೌಹಾರಿದಳು. ಚೌಕಾಸಿ ಮಾಡೋಣವೆಂದರೆ ಹಲ್ಲು ಕಟಕಟ ಎನ್ನುತ್ತಿತ್ತು. ಹುಡುಗಿಯೇ ಮುಂದೆ ಬಂದು, ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು ತೋರಿಸಿ, ಹೋಗುವಂತೆ ಎರಡು ಹೆಜ್ಜೆ ಇಟ್ಟು, ಅಂಗಡಿಯವನನ್ನು ದಾರಿಗೆ ತಂದಳು. ಶಾಲು ಹೊದ್ದು ಇಬ್ಬರೂ ಸಂಜೆವರೆಗೆ ಸುತ್ತಿದರು.

ಅಂದಿನಿಂದ ಸ್ವೆಟರಕ್ಕನ ಮಾತು ಬದಲಾಯಿತು. ಕಂಡದ್ದನ್ನು ಕಂಡೆ ಎನ್ನುತ್ತಾಳೆ, ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲಪ್ಪ, ಬಂದೋರನ್ನ ಕೇಳಿ ಹೇಳ್ತೀನಿ" ಎನ್ನುತ್ತಾಳೆ. ಆದರೆ ತಿರುಗಾಟದ ಹುಚ್ಚು ಹತ್ತಿದ್ದು ಇಳಿಯಲಿಲ್ಲ. ಸೆಕೆಗಾಲದಲ್ಲಿ ಸ್ವೆಟರು ಕೊಳ್ಳುವವರಿಲ್ಲದಾಗ ಅಂಗಡಿ ಕಟ್ಟಿ, ಪ್ಯಾಸೆಂಜರ್ ರೈಲು ಹತ್ತುತ್ತಾಳೆ. ಕಳೆದ ಸಲ ಸಮುದ್ರ ನೋಡಲು ನಾದಿನಿಯೂ ಜೊತೆಗೆ ಹೊರಟಳು, ದಿಂಬು ಸಮೇತ. ಆ ದಿಂಬಿಗಾಗಿ ದಾರಿಯುದ್ದಕ್ಕೂ ಇಬ್ಬರಿಗೂ ಜಗಳ. ದಡ ಮುಟ್ಟಿದ್ದೇ ತಡ, ಇಬ್ಬರೂ ಅದನ್ನೇ ಮರಳಿನ ಮೇಲೆ ಹಾಕಿಕೊಂಡು ತಲೆಗೆ ತಲೆ ತಾಗಿಸಿ ಮಲಗಿದರು.