ಉತ್ತರಕ್ಕೆ ತಿರುಗಿದ ಆಂಟೆನಾ

ಬುಕಾರೆಸ್ಟಿನ ಆ ಎಂಟಂತಸ್ತಿನ ವಠಾರದಲ್ಲಿ ಸೆವಾಸ್ತಿಯಾನ ಒಬ್ಬ ಕಾರ್ಖಾನೆ ಫಿಟ್ಟರ್ ಎಂಬುದು ಯಾರಿಗೂ ನೆನಪಿರಲಿಲ್ಲ, ಅವನು ಆಂಟೆನಾದವನು. ನಮ್ಮ ದೇಶದ ಸರ್ಕಾರಿ ಟಿವಿ ದಿನಕ್ಕೆ ಎರಡೇ ಗಂಟೆ, ಅದೂ ಬರೀ ನಾಯಕರ ಭಾಷಣ. ಹಾಗಾಗಿ ಚಾವಣಿಯ ಮೂವತ್ತು ಆಂಟೆನಾಗಳನ್ನೂ ಅವನೇ ದಕ್ಷಿಣಕ್ಕೆ, ಬಲ್ಗೇರಿಯದ ಕಡೆಗೆ, ತಿರುಗಿಸಿ ಕೊಟ್ಟಿದ್ದ. ಹೊರದೇಶದ ಟಿವಿ ನೋಡುವುದು ತಪ್ಪೇ, ಆದರೆ ಎಲ್ಲರೂ ಮಾಡಿದ ತಪ್ಪನ್ನು ಯಾರು ಕೇಳುತ್ತಾರೆ?

ಮೂವತ್ತೊಂದನೆಯದು ಜೆನೋಬಿಯಾಳದು. ಬ್ಯಾಲೆ ಕುಣಿಯುವವರಿಗೆ ನಲವತ್ತು ವರ್ಷ ಉಡುಪು ಹೊಲಿದ ಮುದುಕಿ. ಸೊಂಟ ಮುರಿದು ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಶನಿವಾರ ಸಂಜೆ ಬಲ್ಗೇರಿಯದ ಟಿವಿಯಲ್ಲಿ ಅವರ ರಾಜಧಾನಿ ಸೋಫಿಯಾದಿಂದ ಬ್ಯಾಲೆ ಬರುತ್ತದಂತೆ. ಸಾಯುವುದರೊಳಗೆ ಇನ್ನೊಂದು ಸಲ ಆ ಲಂಗಗಳು ಗಿರ್ರನೆ ತಿರುಗುವುದನ್ನು ನೋಡಬೇಕೆಂದು ಅವಳ ಆಸೆ.

ಅವಳ ಆಂಟೆನಾ ನೆಡಲು ಚಾವಣಿಯಲ್ಲಿ ಉಳಿದಿದ್ದುದು ಲಿಫ್ಟ್ ಕೋಣೆಯ ಹಿಂದಿನ ಮೂಲೆ ಮಾತ್ರ. ಸೆವಾಸ್ತಿಯಾನ ದಕ್ಷಿಣಕ್ಕೆ ಎಷ್ಟು ತಿರುಗಿಸಿದರೂ ತೆರೆಯ ಮೇಲೆ ಬರೀ ಚುಕ್ಕಿ. ಬೇಸತ್ತು ಕೈಬಿಟ್ಟಾಗ ಕಂಬ ತಾನಾಗಿ ಉತ್ತರಕ್ಕೆ ಹೊರಳಿತು. ಮುದುಕಿಯ ಕಿಟಕಿಯಿಂದ ಅವನ ಹೆಂಡತಿ ಲೆನುಟಾ ಕೂಗಿದಳು:

“ಮುಟ್ಬೇಡಿ ಕಣ್ರೀ! ಕನ್ನಡಿ ತರ ಕಾಣ್ತಿದೆ!”

“ಬಲ್ಗೇರಿಯಾನೇನಾ?”

“ಅವರದ್ದೇ! ಸುದ್ದಿ ಓದೋ ಅದೇ ಗುಂಗುರು ಕೂದ್ಲಿನವಳು!”

ಸೆವಾಸ್ತಿಯಾನ ತಲೆ ಕೆರೆದುಕೊಂಡ. ಬಲ್ಗೇರಿಯ ಎದ್ದು ಉತ್ತರಕ್ಕೆ ಹೋಯಿತೇ? ಆ ಕಡೆಯ ಹೊಸ ಕಟ್ಟಡಕ್ಕೆ ಬಡಿದು ಅಲೆ ವಾಪಸಾಗುತ್ತಿತ್ತೋ ಏನೋ. ಅರ್ಥವಾಗದಿದ್ದರೂ ಕಂಬ ಬಿಗಿದು ಬಂದ.

ಮರುದಿನ ವಠಾರದ ಮೇಲ್ವಿಚಾರಕ ಪಿಂತಿಲಿಯೆ ಅವನನ್ನು ಮೆಟ್ಟಿಲಲ್ಲೇ ಹಿಡಿದ.

“ಉತ್ತರದಲ್ಲಿ ಏನಯ್ಯಾ ಇದೆ? ಮೂವತ್ತು ಒಂದ್ಕಡೆ, ಇದೊಂದು ಇನ್ನೊಂದ್ಕಡೆ! ಮೇಲಿನವ್ರು ಕೇಳಿದ್ರೆ ನನ್ ಕುತ್ತಿಗೆಗೆ ಬರುತ್ತೆ.”

“ನಂಗೂ ತಿಳೀತಿಲ್ಲ, ಕಾಮ್ರೇಡ್.”

“ಶನಿವಾರದೊಳಗೆ ಎಲ್ಲದರ ತರ ಮಾಡು. ಇಲ್ಲಾಂದ್ರೆ ನಾನೇ ಕಿತ್ತು ಬಿಸಾಕ್ತೀನಿ.”

ಶನಿವಾರ ಮಧ್ಯಾಹ್ನ ಸೆವಾಸ್ತಿಯಾನ ಸ್ಪ್ಯಾನರ್ ಹಿಡಿದು, ಮುದುಕಿಗೆ ಹೇಗೆ ಮುಖ ತೋರಿಸಲಿ ಎಂದು ಸಂಕಟಪಡುತ್ತ ಚಾವಣಿ ಹತ್ತಿದ. ನೋಡಿದರೆ ಉಳಿದ ಮೂವತ್ತಕ್ಕೆ ಮೂವತ್ತು ಆಂಟೆನಾಗಳೂ ಉತ್ತರಕ್ಕೆ ಮುಖ ಮಾಡಿ ನಿಂತಿದ್ದವು. ಪಿಂತಿಲಿಯೆಯದೂ! ಆಂಟೆನಾದವನು ಏನೋ ಹೊಸದನ್ನು ಹಿಡಿದಿದ್ದಾನೆಂದು ಒಬ್ಬೊಬ್ಬರೂ ಕದ್ದು ಹತ್ತಿ ತಿರುಗಿಸಿಕೊಂಡಿದ್ದರು. ಯಾರ ತೆರೆಯ ಮೇಲೂ ಏನೂ ಕಾಣುತ್ತಿರಲಿಲ್ಲ. ಪಕ್ಕದವರಿಗೆ ಕಾಣುತ್ತಿರಬೇಕೆಂದು ಯಾರೂ ಬಾಯಿ ಬಿಟ್ಟಿರಲಿಲ್ಲ.

ಮುದುಕಿಯದು ಎಲ್ಲದರ ತರ ಇರಬೇಕೆಂದು ಪಿಂತಿಲಿಯೆ ಅಂದಿದ್ದ, ಈಗ ಇತ್ತು. ಸೆವಾಸ್ತಿಯಾನ ಸ್ಪ್ಯಾನರ್ ಜೇಬಿಗೆ ಹಾಕಿಕೊಂಡು ಇಳಿದ.

ಸಂಜೆ ಜೆನೋಬಿಯಾಳ ಕೋಣೆಯಲ್ಲಿ ಕಾಲಿಡಲು ಜಾಗವಿಲ್ಲ. ಅವಳೊಬ್ಬಳ ಟಿವಿಯಲ್ಲಿ ಮಾತ್ರ ಚಿತ್ರ ಬರುತ್ತಿದೆಯೆಂದು ತಿಳಿದು, ಮೂರು ವರ್ಷ ಆ ಬಾಗಿಲು ತಟ್ಟದವರೆಲ್ಲ ತಮ್ಮ ತಮ್ಮ ಕುರ್ಚಿ ಹೊತ್ತು ಬಂದಿದ್ದರು. ತೆರೆಯ ಮೇಲೆ ಬ್ಯಾಲೆ ಶುರುವಾದಾಗ ಪಿಂತಿಲಿಯೆ ಸೆವಾಸ್ತಿಯಾನನ ಕಿವಿಯಲ್ಲಿ ಪಿಸುಗುಟ್ಟಿದ:

“ನಿಜ ಹೇಳು, ಏನ್ಮಾಡ್ದೆ?”

“ದೇವರಾಣೆ ಗೊತ್ತಿಲ್ಲ.”

“ಸುಮ್ನಿರ್ರೋ!” ಮುದುಕಿ ಕಣ್ಣೊರೆಸಿಕೊಳ್ಳುತ್ತಲೇ ಗದರಿದಳು. “ಎರಡನೇ ಸಾಲಿನ ಹುಡುಗಿಯ ಲಂಗದ ಅಂಚು ಬಿಚ್ಕೊಂಡಿದೆ. ಇಷ್ಟು ಜನ ಇದ್ದೀರಿ, ಒಬ್ಬರಿಗೂ ಕಾಣ್ಲಿಲ್ವಾ?”